ಉರಿದಷ್ಟಕ್ಕೇ ದರ

ಹಾನಗಲ್ಲಿನ ಮಾಮಲೇದಾರ ಕಚೇರಿಯ ಎದುರು ಒಂದು ಬೇವಿನ ಮರವಿತ್ತು. ಅದರ ಕೆಳಗೆ ಕುಳಿತು ನಾನು ಹದಿನಾಲ್ಕು ವರ್ಷ ಮಂದಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಹೊಲದ ಬದುವಿನ ತಂಟೆ ಇರಲಿ, ಕಳೆದುಹೋದ ಎಮ್ಮೆ ಇರಲಿ, ಹೇಳದೆ ಕೇಳದೆ ಪರಾರಿಯಾದ ಅಳಿಯ ಇರಲಿ, ನಾನು ಬರೆದ ಅರ್ಜಿ ಒಂದೂ ತಿರುಗಿ ಬಂದದ್ದಿಲ್ಲ. ಉತ್ತರವೂ ಬಂದದ್ದಿಲ್ಲ, ಆ ಮಾತು ಬೇರೆ. ಅಂತೂ ಊರಲ್ಲಿ ನನ್ನನ್ನು ಅರ್ಜಿ ಶಿವಲಿಂಗಪ್ಪ ಎಂದೇ ಕರೆಯುತ್ತಿದ್ದರು. ಆದ್ದರಿಂದ ನಮ್ಮ ಓಣಿಯ ದೀಪದ ದರ ಏರಿದಾಗ, ಅದನ್ನು ಇಳಿಸುವ ಯೋಗ್ಯತೆ ಇಡೀ ತಾಲೂಕಿನಲ್ಲಿ ಯಾರಿಗಾದರೂ ಇದ್ದರೆ ಅದು ನನಗೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ದೀಪ ಎಂದರೆ ಕರೆಂಟಿನ ದೀಪ. ಗಿರಣಿ ಸಾವ್ಕಾರ ಮಲ್ಲಪ್ಪನವರ ಅಕ್ಕಿ ಗಿರಣಿ ನಮ್ಮ ಓಣಿಯ ತುದಿಗೇ ಇತ್ತು. ಹಗಲೆಲ್ಲ ಭತ್ತ ಕುಟ್ಟುವ ಎಂಜಿನ್ನಿಗೆ ಸಂಜೆಯಾದೊಡನೆ ಅವರು ಒಂದು ಡೈನಮೋ ಜೋಡಿಸಿ, ನಮ್ಮ ಓಣಿಯ ಹದಿನೆಂಟು ಮನೆಗಳಿಗೆ ತಂತಿ ಎಳೆದಿದ್ದರು. ಒಂದು ದೀಪಕ್ಕೆ ತಿಂಗಳಿಗೆ ಹನ್ನೆರಡಾಣೆ. ಅದು ಮಿಣುಕು ದೀಪವೋ ಧಗಧಗಿಸುವ ದೀಪವೋ ಎಂದು ಯಾರೂ ಕೇಳುತ್ತಿರಲಿಲ್ಲ. ಯಾರೂ ಕೇಳದಿದ್ದ ಮೇಲೆ ಬಿಡುವುದುಂಟೇ! ನಾನು ಹುಬ್ಬಳ್ಳಿಗೆ ಹೋದಾಗ ನೂರು ಕ್ಯಾಂಡಲ್ಲಿನ ಬಲ್ಬು ತಂದು ಮನೆಯ ಹೊರಗಿನ ಕಟ್ಟೆಯ ಮೇಲೆ ಹಾಕಿಸಿದ್ದೆ. ಒಳಗೆ ದೇವರ ಜಗಲಿಯ ಎದುರು ಒಂದು ಸಣ್ಣ ಬಲ್ಬು. ಹೀಗೆ ಎರಡು ದೀಪದ ಕುಳ ನಾನು.

ಆ ದೀಪಗಳನ್ನು ಹಚ್ಚುವವರೂ ನಾವಲ್ಲ, ಆರಿಸುವವರೂ ನಾವಲ್ಲ. ಸಂಜೆ ಆರಕ್ಕೆ ಡೈನಮೋ ತಿರುಗಿದೊಡನೆ ಹದಿನೆಂಟೂ ಮನೆಯ ದೀಪಗಳು ತಾವೇ ಹತ್ತುತ್ತಿದ್ದವು. ಹತ್ತು ಗಂಟೆಗೆ ಎಂಜಿನ್ನು ನಿಂತರೆ ತಾವೇ ಆರುತ್ತಿದ್ದವು. ಗೋಡೆಯ ಮೇಲೆ ಕಟ್ಟಿಗೆಯ ಹಲಗೆಗೆ ಕರಿ ಗುಂಡಿಯೊಂದನ್ನು ಕೂಡಿಸಿ ಹೋಗಿದ್ದರು. ಅದನ್ನು ತಿರುಗಿಸಿದರೆ ದೀಪ ಆರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಯಾರೂ ಮುಟ್ಟುತ್ತಿರಲಿಲ್ಲ. ಮುಸ್ಸಂಜೆಯಲ್ಲಿ ಹತ್ತಿದ ದೀಪವನ್ನು ಕೈಯಾರೆ ಆರಿಸುವ ಮನೆ ಉದ್ಧಾರವಾಗುವುದುಂಟೇ? ನಮ್ಮ ಅವ್ವನಂತೂ ಬಲ್ಬು ಹತ್ತಿದೊಡನೆ ಅದಕ್ಕೆ ಕೈಮುಗಿದು ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದಳು.

ಈ ದೀಪದ ಕೆಳಗೆ ನನ್ನ ಹೆಂಡತಿ ನೀಲವ್ವ ಓದುತ್ತಿದ್ದಳು. ಊರಿನ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಒಬ್ಬರು ಅಕ್ಕೋರು ಬೇಕಾಗಿದ್ದರು. ಏಳನೆಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹೆಣ್ಣುಮಗಳು ಸಿಕ್ಕರೆ ಕೆಲಸ ಖಾಯಂ ಎಂದು ಶಾಲೆಯವರು ಹೇಳಿದ್ದರು. ನೀಲವ್ವ ನಾಲ್ಕನೆಯತ್ತೆಗೆ ಶಾಲೆ ಬಿಟ್ಟವಳು. ಮದುವೆಯಾಗಿ ಹತ್ತು ವರ್ಷದ ಮೇಲೆ ಪಾಟಿ ಪುಸ್ತಕ ಹಿಡಿದಿದ್ದಳು. ಹಗಲು ದನ, ರೊಟ್ಟಿ, ನೀರು. ಸಂಜೆ ಆರರ ಮೇಲೆ ಓದು. ಅದು ಯುದ್ಧದ ಕಾಲ. ಚಿಮಣಿ ಎಣ್ಣೆ ಕಂಟ್ರೋಲಿನಲ್ಲಿ ಸಿಗುವುದು ಒಂದು ಸೀಸೆ, ಅದೂ ಸಿಕ್ಕರೆ. ಕರೆಂಟಿನ ದೀಪ ಇಲ್ಲದಿದ್ದರೆ ಅವಳ ಪರೀಕ್ಷೆ ಇಲ್ಲ.

ಸೊಸೆಯ ಓದಿಗೆ ಅತ್ತೆ ಅಡ್ಡ ಬರಬೇಕಾದದ್ದು ಲೋಕರೂಢಿ. ನಮ್ಮ ಅವ್ವ ಬರಲಿಲ್ಲ. "ಓದಲಿ ಬಿಡೋ. ಮನ್ಯಾಗ ಒಬ್ಬರಿಗಾದ್ರೂ ಪಗಾರ ಬರಲಿ" ಎಂದಳು. ಮಾತು ನನ್ನ ಕಡೆ ನೋಡಿಯೇ ಆಡಿದಳು.

ಹೀಗಿರುವಾಗ ಒಂದು ದಿನ ಗಿರಣಿಯ ಗುಮಾಸ್ತ ಮನೆಮನೆಗೆ ಚೀಟಿ ಹಂಚಿದ. ಎಂಜಿನ್ನಿನ ಎಣ್ಣೆ ತುಟ್ಟಿಯಾದ್ದರಿಂದ ಬರುವ ತಿಂಗಳಿನಿಂದ ದೀಪವೊಂದಕ್ಕೆ ಒಂದೂಕಾಲು ರೂಪಾಯಿ! ಅರ್ಧ ತಾಸಿನಲ್ಲಿ ಓಣಿಗೆ ಓಣಿಯೇ ನನ್ನ ಕಟ್ಟೆಗೆ ಬಂತು. ಎದುರು ಮನೆಯ ಟೇಲರ್ ಹುಸೇನಸಾಬ ಎಲ್ಲರ ಪರವಾಗಿ ಮಾತಾಡಿದ.

"ಶಿವಲಿಂಗಪ್ಪಣ್ಣಾ, ಇದು ಹಾಡಾಹಗಲ ದರೋಡಿ ಐತಿ. ನೀ ಇದ್ದೂ ಹಿಂಗ ಆಗಬೇಕೇನು?"

ಆ 'ನೀ ಇದ್ದೂ' ಎಂಬ ಮಾತು ನನ್ನ ತಲೆಗೆ ಏರಿತು. ಅಲ್ಲೇ 'ದೀಪದಾರರ ಸಂಘ' ಸ್ಥಾಪನೆಯಾಯಿತು. ಅಧ್ಯಕ್ಷ ನಾನೇ ಆದೆ. ಬೇರೆ ಯಾರೂ ಒಪ್ಪಲಿಲ್ಲ. ಅಧ್ಯಕ್ಷನಾದವನು ಮೊದಲ ದಿನವೇ ಏನಾದರೊಂದು ಘೋಷಣೆ ಮಾಡಬೇಕಲ್ಲ, ಎಂಟು ದಿನ ಓಣಿಯಲ್ಲಿ ಯಾರೂ ದೀಪ ಉರಿಸಕೂಡದು ಎಂದು ಘೋಷಿಸಿದೆ. ಸಾವ್ಕಾರ ತಾನಾಗಿ ದಾರಿಗೆ ಬರುತ್ತಾನೆ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ಸಂಜೆ ಆರಕ್ಕೆ ಡೈನಮೋ ತಿರುಗಿತು. ಹದಿನೆಂಟೂ ಮನೆಯ ದೀಪಗಳು ಎಂದಿನಂತೆ ಹತ್ತಿದವು. ನಾನು ಅಧ್ಯಕ್ಷನ ಗತ್ತಿನಲ್ಲಿ ಎದ್ದು ಹೋಗಿ ಕರಿ ಗುಂಡಿಗೆ ಕೈ ಹಾಕಿದೆ.

"ತಗೀ ಕೈ!" ಎಂದಳು ಅವ್ವ. "ದೀಪಾ ಆರಸ್ತಾನಂತ, ದೀಪಾ! ಮುಸ್ಸಂಜಿ ಹೊತ್ತಿನ್ಯಾಗ! ಮನಿ ಹಾಳ ಮಾಡಬೇಕಂತ ಮಾಡೀ ಏನು?"

"ಅವ್ವಾ, ಇದು ಬಹಿಷ್ಕಾರ."

"ಅದನ್ನ ಹೊರಗ ಹೋಗಿ ಮಾಡು. ದೀಪಾ ಮುಟ್ಟಬ್ಯಾಡ."

ಹೊರಗೆ ಹೋಗಿ ನೋಡಿದೆ. ಹದಿನೆಂಟು ಮನೆಯಲ್ಲೂ ದೀಪ ಉರಿಯುತ್ತಿತ್ತು. ಹದಿನೆಂಟು ಮನೆಯಲ್ಲೂ ಒಬ್ಬೊಬ್ಬ ಅವ್ವ ಇದ್ದಳು! ಹುಸೇನಸಾಬ ತನ್ನ ಬಾಗಿಲಲ್ಲಿ ನಿಂತು ಕೈ ತಿರುವಿ ತೋರಿಸಿದ. ಅವನ ಅಮ್ಮಾ ಒಳಗಿನಿಂದ ಏನು ಅನ್ನುತ್ತಿದ್ದಳೆಂಬುದು ನನಗೆ ಇಲ್ಲಿಗೇ ಕೇಳುತ್ತಿತ್ತು.

ಆದರೆ ನಾಯಕನಾದವನು ಉಪಾಯ ಹುಡುಕಬೇಕು. ದೀಪ ಆರಿಸುವುದು ಪಾಪ, ಸರಿ. ಮುಚ್ಚುವುದು? ಮುಚ್ಚಬಾರದೆಂದು ಯಾವ ಹಿರಿಯರೂ ಹೇಳಿಲ್ಲ. ಕಟ್ಟೆಯ ಮೇಲಿನ ನೂರು ಕ್ಯಾಂಡಲ್ಲಿನ ಬಲ್ಬಿಗೆ ನಮ್ಮಪ್ಪನ ಕಾಲದ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಸುತ್ತಿದೆ. ಕಟ್ಟೆ ಕತ್ತಲಾಯಿತು. ಓಣಿಯವರು ಹೌದಲ್ಲ ಎಂದು ತಲೆದೂಗಿದರು. ಆ ಕತ್ತಲಲ್ಲಿ ಕುಳಿತು ನಾನು ತ್ಯಾಗದ ಬಗ್ಗೆ ನಾಲ್ಕು ಮಾತು ಆಡುತ್ತಿದ್ದೆ. ಸುಮಾರು ಮುಕ್ಕಾಲು ತಾಸಾಗಿರಬೇಕು.

"ಏನೋ ಸುಡಾಕತ್ತೈತಲ್ಲ?" ಎಂದ ಹುಸೇನಸಾಬ.

"ಸಾವ್ಕಾರನ ಹೊಟ್ಟಿ" ಎಂದೆ ನಾನು.

ಎಲ್ಲರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಕಂಬಳಿಯಿಂದ ಹೊಗೆ ಬಂತು. ಯಾರೋ ಒಂದು ಕೊಡ ನೀರು ತಂದು ಬೀಸಿ ಒಗೆದರು. ಕಂಬಳಿಗೆ ಒಂದು ಹನಿಯೂ ಬೀಳಲಿಲ್ಲ. ಅಧ್ಯಕ್ಷರ ಮೈಮೇಲೆ ಒಂದು ಹನಿಯೂ ತಪ್ಪಲಿಲ್ಲ! ನೀಲವ್ವ ಒಳಗಿನಿಂದ ಒಲೆಯ ಇಕ್ಕಳ ತಂದು ಕಂಬಳಿಯನ್ನು ಎಳೆದು ಅಂಗಳಕ್ಕೆ ಹಾಕಿದಳು. ನಡುವೆ ತಾಟಿನಷ್ಟು ತೂತು ಬಿದ್ದಿತ್ತು. ದೀಪ ಮಾತ್ರ ಮೊದಲಿನಂತೆ ಝಗಝಗ ಉರಿಯುತ್ತಿತ್ತು.

ಇದನ್ನೆಲ್ಲ ಗಿರಣಿಯ ಬಾಗಿಲಲ್ಲಿ ನಿಂತು ನೋಡಿದ ಸಾವ್ಕಾರರು, ಓಣಿಯವರು ಹೊಸ ದರಕ್ಕೆ ಒಪ್ಪಿದ್ದಾರೆ, ಇಲ್ಲದಿದ್ದರೆ ಇಷ್ಟೊಂದು ದೀಪ ಯಾಕೆ ಉರಿಸುತ್ತಿದ್ದರು ಎಂದರಂತೆ.

ಇನ್ನು ಉಳಿದದ್ದು ಅರ್ಜಿ. ಅದು ನನ್ನ ಸ್ವಂತ ಹೊಲ. ಓಣಿಯ ಮೇಲೆ ತಂತಿ ಎಳೆಯಲು ಗಿರಣಿಗೆ ಸಿಕ್ಕಿದ್ದ ಪರವಾನಗಿಯಲ್ಲಿ ಒಂದು ಷರತ್ತು ಇತ್ತು: ದರದ ಬಗ್ಗೆ ತಕರಾರು ಬಂದರೆ ಮಾಮಲೇದಾರರು ವಿಚಾರಣೆ ಮಾಡಿ ಹುಕುಂ ಕೊಡತಕ್ಕದ್ದು. ನಾನು ಮೂರು ದಿನ ಕುಳಿತು ಹನ್ನೊಂದು ಪುಟ ಬರೆದೆ. ಮೊದಲ ಎರಡು ಪುಟ ಸಾಹೇಬರ ಗುಣಗಾನಕ್ಕೇ ಸರಿಹೋದವು. ಮೂರನೆಯ ಪುಟದಲ್ಲಿ ಸೂರ್ಯ ಚಂದ್ರರು ಬೆಳಕಿಗೆ ದರ ಕೇಳುವುದಿಲ್ಲ ಎಂಬ ಮಾತು ಬಂತು. ಏಳನೆಯ ಪುಟದ ಹೊತ್ತಿಗೆ ಕೈ ಎಷ್ಟು ಓಡಿತೆಂದರೆ, ದರ ಇಳಿಸಬೇಕೆಂಬ ಸಾದಾ ಮಾತು ನನಗೇ ಸಪ್ಪೆ ಅನಿಸಿತು. ಅದಕ್ಕೆ ಒಂದು ಹೊಸ ತತ್ವ ಹೂಡಿದೆ. 'ಮಿಣುಕು ದೀಪದ ಬಡವನಿಗೂ ಧಗಧಗಿಸುವ ದೀಪದ ಸಿರಿವಂತನಿಗೂ ಒಂದೇ ದರವೆಂಬುದು ಘೋರ ಅನ್ಯಾಯವಾಗಿದ್ದು, ಇನ್ನು ಮುಂದೆ ಉರಿದಷ್ಟಕ್ಕೇ ದರ ಆಗತಕ್ಕದ್ದು!' ಕೊನೆಯ ಪುಟದಲ್ಲಿ, ನಾವು ಬರೀ ನಮ್ಮ ಹಿತ ನೋಡುವವರಲ್ಲ ಎಂದು ತೋರಿಸಲು, 'ದರ ಸಲ್ಲಿಸದವರ ತಂತಿಯನ್ನು ಮುಲಾಜಿಲ್ಲದೆ ಕತ್ತರಿಸತಕ್ಕದ್ದು' ಎಂದೂ ಸೇರಿಸಿದೆ. ಓದಿದರೆ ಒಳ್ಳೆ ಗಂಭೀರವಾಗಿ ಕೇಳುತ್ತಿತ್ತು.

ನೀಲವ್ವನಿಗೆ ಓದಿ ತೋರಿಸಿದೆ. ಅವಳು ಪಾಟಿಯ ಮೇಲಿನ ಲೆಕ್ಕ ನಿಲ್ಲಿಸಿ ಕೇಳಿದಳು.

"ಏನ್ರಿ, ಓಣ್ಯಾಗ ಎಲ್ಲಾರಕಿಂತ ದೊಡ್ಡ ದೀಪಾ ಯಾರದು?"

"ನಮ್ಮದ."

"ಹಂಗಾದ್ರ ಉರಿದಷ್ಟಕ್ಕ ದರಾ ಅಂದ್ರ ಎಲ್ಲಾರಕಿಂತ ಹೆಚ್ಚು ಕೊಡಾವ್ರು ಯಾರು?"

"ನೀಲಾ, ಇದು ತತ್ವದ ಪ್ರಶ್ನಿ. ನಿನಗ ತಿಳಿಯೂದಿಲ್ಲ."

"ನನಗ ಲೆಕ್ಕಾ ಅಷ್ಟ ತಿಳೀತೈತ್ರಿ" ಎಂದು ಅವಳು ಮತ್ತೆ ಪಾಟಿ ಹಿಡಿದಳು.

ವಿಚಾರಣೆಯ ದಿನ ನಾನು ಪಟಗ ಸುತ್ತಿ, ಕೋಟು ಹಾಕಿ, ಹದಿನೇಳು ಮನೆಯವರನ್ನು ಹಿಂದೆ ಕಟ್ಟಿಕೊಂಡು ಕಚೇರಿಗೆ ಹೋದೆ. ಹದಿನಾಲ್ಕು ವರ್ಷ ಹೊರಗಿನ ಬೇವಿನ ಮರದ ಕೆಳಗೆ ಕುಳಿತವನು ಅಂದು ಒಳಗೆ ನಿಂತಿದ್ದೆ. ಸಾಹೇಬರು ಅರ್ಜಿಯನ್ನು ಕೈಯಲ್ಲಿ ಹಿಡಿದು ತೂಕ ನೋಡುವವರಂತೆ ಒಮ್ಮೆ ಎತ್ತಿ ಇಳಿಸಿದರು. ಸಾವ್ಕಾರರು ಕೈಮುಗಿದು ನಿಂತರು.

"ಎಣ್ಣಿ ರೇಟು ನೋಡ್ರಿ ಸಾಹೇಬ್ರ. ಒಂದು ಡಬ್ಬಿ ತರಾಕ ಹುಬ್ಬಳ್ಳಿಗೆ ನಾಕು ಸಲ ಅಡ್ಡಾಡಬೇಕು. ಆತು, ಓಣ್ಯಾಗಿನ ಮಂದಿ, ನಮ್ಮವರ. ಒಂದೂಕಾಲು ರೂಪಾಯಿ ಬ್ಯಾಡ, ಹದಿನಾಲ್ಕಾಣೆ ಕೊಡ್ರಿ. ನನಗೂ ಬ್ಯಾಡ, ನಿಮಗೂ ಬ್ಯಾಡ."

ಹಿಂದಿನಿಂದ ಹುಸೇನಸಾಬ ನನ್ನ ಕೋಟು ಜಗ್ಗಿದ. "ಅಣ್ಣಾ, ಹೂಂ ಅನ್ನು. ಹದಿನಾಲ್ಕಾಣೆ ಚೊಲೊ ಐತಿ. ಹೂಂ ಅನ್ನು!"

ಆಗ ಹೂಂ ಅಂದಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಮೂರು ದಿನ ಬರೆದ ಹನ್ನೊಂದು ಪುಟ! ಹದಿನಾಲ್ಕಾಣೆಯ ರಾಜಿಗೆ ಅದನ್ನು ಬಲಿ ಕೊಡುವುದೇ?

"ಸಾಹೇಬ್ರ, ನಮಗ ದಾನ ಬ್ಯಾಡ, ನ್ಯಾಯ ಬೇಕು!" ಎಂದೆ. "ಉರಿದಷ್ಟಕ್ಕೇ ದರ!"

ಸಾಹೇಬರು ಸಾವ್ಕಾರರ ಕಡೆ ನೋಡಿದರು. ಸಾವ್ಕಾರರು ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಕನಿಕರವಿತ್ತೆಂದು ಈಗ ನೆನಪಾಗುತ್ತದೆ. ಆಗ ಹೆದರಿಕೆ ಎಂದುಕೊಂಡಿದ್ದೆ.

"ಆಗಲ್ರಿ. ಮೀಟರ ಹಾಕ್ತೇನ್ರಿ" ಎಂದರು ಅವರು.

ಹುಕುಂ ಆಯಿತು. ಮನೆಮನೆಗೆ ಮೀಟರು. ಯುನಿಟ್ಟಿಗೆ ನಾಲ್ಕಾಣೆ. ಸಾಹೇಬರ ವಿಚಾರಣೆ ಇಲ್ಲದೆ ಈ ದರವನ್ನು ಒಂದು ಕಾಸೂ ಏರಿಸಕೂಡದು. ದರ ಸಲ್ಲಿಸದವರ ತಂತಿಯನ್ನು, ಅರ್ಜಿದಾರರೇ ಕೋರಿದಂತೆ, ಮುಲಾಜಿಲ್ಲದೆ ಕತ್ತರಿಸತಕ್ಕದ್ದು. ಯುನಿಟ್ಟು ಎಂದರೆ ಎಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಒಂದೂಕಾಲು ರೂಪಾಯಿಯ ಎದುರು ನಾಲ್ಕಾಣೆ ಕೇಳಲು ಎಷ್ಟು ಹಿತವಾಗಿತ್ತು! ಓಣಿಯವರು ಚೆಂಡು ಹೂವಿನ ಮಾಲೆ ಹಾಕಿ, ಹಲಗೆ ಬಡಿಸುತ್ತ ನನ್ನನ್ನು ಮನೆಗೆ ಕರೆತಂದರು.

ಮೊದಲ ಮೀಟರು ಅಧ್ಯಕ್ಷರ ಮನೆಗೇ ಬಂತು. ಅದು ಮರ್ಯಾದೆಯ ಪ್ರಶ್ನೆ. ಗಾಜಿನೊಳಗೆ ಒಂದು ತಗಡಿನ ಚಕ್ರ. ದೀಪ ಹತ್ತಿದೊಡನೆ ಅದು ತಿರುಗತೊಡಗಿತು. ಅವ್ವ ಅದಕ್ಕೆ ವಿಭೂತಿ ಹಚ್ಚಿ ಊದುಬತ್ತಿ ಬೆಳಗಿದಳು. ಅದು ಇನ್ನೂ ಹುರುಪಿನಿಂದ ತಿರುಗಿದಂತೆ ನನಗೆ ಕಂಡಿತು.

ಎಂಟು ದಿನದಲ್ಲಿ ಎಲ್ಲ ಮನೆಗೂ ಮೀಟರು ಬಂತು. ಆಮೇಲೆ ಒಂದು ವಿಚಿತ್ರ ನಡೆಯಿತು. ಸಂಜೆ ಆರಕ್ಕೆ ಡೈನಮೋ ತಿರುಗಿದರೂ ಓಣಿಯಲ್ಲಿ ದೀಪಗಳು ಹತ್ತಲಿಲ್ಲ. ಹತ್ತಿದ್ದು ನಮ್ಮ ಮನೆಯವು ಮಾತ್ರ! ಹುಸೇನಸಾಬನನ್ನು ಕೇಳಿದೆ.

"ಹಗಲ ಗುಂಡಿ ತಿರುವಿಟ್ಟೇವಣ್ಣ" ಎಂದ ಅವನು. "ಹತ್ತಿದ ದೀಪಾ ಆರಸಬಾರದು, ಖರೆ. ಹತ್ತಲಾರದ ದೀಪಾ ಆರಸೂ ಪ್ರಶ್ನಿನ ಇಲ್ಲಲ್ಲ?"

ನೋಡಿ, ಬಹಿಷ್ಕಾರದ ಎಂಟು ದಿನದಲ್ಲಿ ಈ ಉಪಾಯ ಒಬ್ಬರಿಗೂ ಹೊಳೆದಿರಲಿಲ್ಲ. ತಮ್ಮ ತಮ್ಮ ಮೀಟರಿನ ಚಕ್ರ ತಿರುಗುವುದನ್ನು ಕಂಡ ಮೇಲೆ ಹದಿನೇಳು ಮನೆಗೂ ಒಂದೇ ದಿನ ಹೊಳೆಯಿತು!

ಅಂದಿನಿಂದ ಓಣಿಯವರೆಲ್ಲ ಸಂಜೆ ನಮ್ಮ ಮನೆಗೆ ಬರತೊಡಗಿದರು. ಹೆಣ್ಣುಮಕ್ಕಳು ಒಳಗಿನ ದೀಪದ ಕೆಳಗೆ ಬತ್ತಿ ಹೊಸೆಯುತ್ತ, ಕಾಳು ಹಸನು ಮಾಡುತ್ತ ಕುಳಿತರೆ ಗಂಡಸರು ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತರು. ಹುಸೇನಸಾಬ ತನ್ನ ಹೊಲಿಗೆ ಮಷೀನನ್ನೇ ಹೊತ್ತು ತಂದು ನೂರು ಕ್ಯಾಂಡಲ್ಲಿನ ಕೆಳಗೆ ಇಟ್ಟ. ದೀಪಕ್ಕೆ ಬಂದವರನ್ನು ಹೋಗಿ ಎನ್ನಬಾರದು ಎಂದಳು ಅವ್ವ. ಅಧ್ಯಕ್ಷರ ಮನೆ ಕತ್ತಲಾಗಿರಬಾರದು ಎಂದುಕೊಂಡೆ ನಾನು. ಹೀಗಾಗಿ ನಮ್ಮ ಎರಡೂ ದೀಪಗಳು ಆರರಿಂದ ಹತ್ತರ ತನಕ ಒಂದು ನಿಮಿಷವೂ ಬಿಡದೆ ಉರಿದವು.

"ಏನ್ರಿ, ಚಕ್ರಾ ಭಾಳ ಜೋರ ತಿರಗಾಕತ್ತೈತಿ. ಹೊರಗಿನ ಬಲ್ಬು ತಗೀರಿ" ಎಂದಳು ನೀಲವ್ವ ಒಂದು ದಿನ. ಬತ್ತಿ ಹೊಸೆಯುವವರ ನಡುವೆ ಅವಳಿಗೆ ಕೂರಲು ಒಂದು ಮೂಲೆ ಮಾತ್ರ ಉಳಿದಿತ್ತು.

"ಮಂದಿ ಏನಂದಾರು?" ಎಂದೆ.

ಮಂದಿ ಏನೂ ಅನ್ನಲಿಲ್ಲ. ತಿಂಗಳ ಕೊನೆಗೆ ಗುಮಾಸ್ತ ಬಂದ. ಕನ್ನಡಕ ಏರಿಸಿ ಮೀಟರು ನೋಡಿದ. ಇಳಿಸಿ ನನ್ನನ್ನು ನೋಡಿದ. ಮತ್ತೆ ಏರಿಸಿ ಮೀಟರು ನೋಡಿದ. ಹುಸೇನಸಾಬನಿಗೆ ಒಂದಾಣೆ ಆಗಿತ್ತು. ಬೇರೆಯವರಿಗೆ ಎರಡು, ಮೂರು ಆಣೆ. ನನ್ನದು ನಾಲ್ಕು ರೂಪಾಯಿ ಮೂರಾಣೆ! ಸಾವ್ಕಾರರು ಏರಿಸಿದ್ದ ದರದಲ್ಲಿ ಎರಡೂ ದೀಪಕ್ಕೆ ಎರಡೂವರೆ ಆಗುತ್ತಿತ್ತು. ಅದು ತುಟ್ಟಿ ಎಂದು ಹೋರಾಡಿ ನಾಲ್ಕು ರೂಪಾಯಿ ಮೂರಾಣೆ ಸಂಪಾದಿಸಿದ ಏಕಮಾತ್ರ ಮನುಷ್ಯ ಹಾನಗಲ್ಲ ತಾಲೂಕಿನಲ್ಲಿ ನಾನೇ ಇರಬೇಕು.

"ಹಾದ್ಯಾಗ ಹೊಂಟ ಮಾರೀನ ಮನೀಗೆ ಕರದಂಗಾತು" ಎಂದಳು ಅವ್ವ. ಮೀಟರಿಗೆ ಅಂದು ವಿಭೂತಿ ಹಚ್ಚಲಿಲ್ಲ.

ಆ ತಿಂಗಳು ಅರ್ಜಿಯ ಗಿರಾಕಿಯೂ ಕಡಿಮೆ. ಅಷ್ಟು ದುಡ್ಡು ಕೈಯಲ್ಲಿರಲಿಲ್ಲ. ಎಂಟು ದಿನ ತಡೆಯಿರಿ ಎಂದು ಗುಮಾಸ್ತನಿಗೆ ಹೇಳಿದೆ. ಅವನು ಸಂಕೋಚಪಟ್ಟು ಕಿಸೆಯಿಂದ ಹುಕುಮಿನ ನಕಲು ತೆಗೆದ.

"ನನ್ನ ಕೈಯಾಗ ಏನೂ ಇಲ್ರಿ. ಇಲ್ಲೆ ಬರದೈತಿ, ನೋಡ್ರಿ. ಮುಲಾಜಿಲ್ಲದೆ ಅಂತ. ಯಾರು ಬರದಾರೋ ಏನೋ, ಭಾಳ ಕಟುಕರಿರಬೇಕು."

ತಂತಿ ಕತ್ತರಿಸಿ ಹೋದ. ಅಂದು ಸಂಜೆ ಓಣಿಯವರು ನಮ್ಮ ಕಟ್ಟೆಯ ತನಕ ಬಂದು, ಕತ್ತಲು ನೋಡಿ, ಒಬ್ಬೊಬ್ಬರಾಗಿ ತಿರುಗಿ ಹೋದರು. ಹುಸೇನಸಾಬ ಮಷೀನು ಹೊತ್ತುಕೊಂಡು ಹೋದ. ಊರಿಗೆ ಉಪಕಾರ, ಹೆಣಕ್ಕೆ ಶೃಂಗಾರ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದದ್ದೆಲ್ಲ ನನ್ನ ಮೇಲೇ ಬಂತು. ನೀಲವ್ವನ ಪರೀಕ್ಷೆಗೆ ಇನ್ನು ಒಂದು ತಿಂಗಳು ಇತ್ತು. ಅವಳು ಪಾಟಿ ಪುಸ್ತಕಗಳನ್ನು ಸೆರಗಿನಿಂದ ಒರೆಸಿ ಗೋಡೆಯ ಮಾಡದಲ್ಲಿ ಇಟ್ಟಳು. ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ಹತ್ತು ವರ್ಷ ನನ್ನ ಅರ್ಜಿಗಳನ್ನು ಕೇಳಿಸಿಕೊಂಡವಳು ತನಗಾಗಿ ಕೇಳಿದ್ದು ಒಂದು ದೀಪ; ಅದನ್ನೂ ನಾನು ತತ್ವಕ್ಕೆ ಸುಟ್ಟುಬಿಟ್ಟಿದ್ದೆ.

ಎರಡು ವಾರ ಚಿಮಣಿ ಎಣ್ಣೆಗಾಗಿ ಅಲೆದೆ. ಬಂಕಾಪುರದ ತನಕ ಹೋಗಿಬಂದೆ. ಖಾಲಿ ಸೀಸೆ ಸುರಕ್ಷಿತವಾಗಿ ತಿರುಗಿ ಬಂತು. ನೀಲವ್ವ ಸಂಜೆಯಾದೊಡನೆ ರೊಟ್ಟಿ ಬಡಿದಿಟ್ಟು, ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದಳು. ಎಂಟರೊಳಗೆ ಬರುತ್ತಿದ್ದಳು. ಗುಡಿಗೆ ಹೋಗುತ್ತಾಳೆ, ಗಂಡನಿಗೆ ಬುದ್ಧಿ ಕೊಡು ಎಂದು ಬೇಡಿಕೊಳ್ಳಲು ಇರಬೇಕು ಎಂದುಕೊಂಡು ನಾನು ಕೇಳಲಿಲ್ಲ.

ಕೊನೆಗೆ ಮಾನ ಬಿಟ್ಟು ಸಾವ್ಕಾರರ ಹತ್ತಿರವೇ ಹೋಗುವುದೆಂದು ಗಟ್ಟಿ ಮಾಡಿದೆ. ಬರಿಗೈಯಲ್ಲಿ ಹೋಗುವುದು ನನ್ನ ವೃತ್ತಿಗೆ ಸಲ್ಲದು. ನಾಲ್ಕು ಪುಟದ ಅರ್ಜಿ ಬರೆದುಕೊಂಡು ಹೋದೆ. ದೀಪ ಹತ್ತುವ ಹೊತ್ತು. ಗಿರಣಿಯ ಕೋಣೆಯಲ್ಲಿ ಸಾವ್ಕಾರರು ಗಾದಿಯ ಮೇಲೆ ಕುಳಿತಿದ್ದರು. ಎದುರಿನ ಚಾಪೆಯ ಮೇಲೆ ಬಲ್ಬಿನ ನೇರ ಕೆಳಗೆ ನೀಲವ್ವ! ಪಕ್ಕದಲ್ಲಿ ಸಾವ್ಕಾರರ ಹೆಂಡತಿ ಪಾಟಿಯ ಮೇಲೆ ಅ ಆ ತಿದ್ದುತ್ತಿದ್ದರು.

ನನ್ನ ಕೈಯಲ್ಲಿನ ಕಾಗದ ನೋಡಿ ಸಾವ್ಕಾರರು ಗಾಬರಿಯಾದರು. "ಮತ್ತ ಅರ್ಜಿ ತಂದ್ರೇನ್ರಿ, ಶಿವಲಿಂಗಪ್ಪ?"

"ಇಕಿ ಇಲ್ಲಿ..." ಎಂದೆ.

"ಹದಿನೈದು ದಿನದಿಂದ ಬರಾಕತ್ತಾರ್ರಿ. ನಮ್ಮ ಮನಿಯಾಕಿಗೂ ನಾಕು ಅಕ್ಷರ ಕಲಸ್ತಾರ."

"ಅರ್ಜಿ ಕೊಟ್ಟಿದ್ಲೇನ್ರಿ?"

"ಅರ್ಜಿ ಯಾತರದ್ರಿ! ಬಾಗಲದಾಗ ನಿಂತು, ಸಾವ್ಕಾರ್ರ, ಈ ದೀಪದ ಕೆಳಗ ಕುಂದರಲೇನ್ರಿ, ಅಂದ್ರು. ಕುಂದ್ರು ತಾಯಿ, ಅಂದೆ."

ನಾಲ್ಕು ಪುಟವನ್ನು ಮಡಿಚಿ ಕಿಸೆಗೆ ಹಾಕಿಕೊಂಡೆ. ನೀಲವ್ವ ತಲೆ ಎತ್ತಿ, "ಒಲಿ ಮ್ಯಾಲೆ ಸಾರು ಐತ್ರಿ, ಉಣ್ರಿ" ಎಂದಳು. ಮತ್ತೆ ಪುಸ್ತಕಕ್ಕೆ ತಲೆ ಬಾಗಿಸಿದಳು.

ಅವಳು ಪಾಸಾದಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾದಳು. ಮೊದಲ ಪಗಾರದಲ್ಲಿ ಗಿರಣಿಯ ಬಾಕಿ ತೀರಿಸಿ ತಂತಿ ಕೂಡಿಸಿದಳು. ನೂರು ಕ್ಯಾಂಡಲ್ಲಿನ ಬಲ್ಬನ್ನು ಬಿಚ್ಚಿ ಅರಿವೆಯಲ್ಲಿ ಸುತ್ತಿ ಅಟ್ಟಕ್ಕೆ ಇಟ್ಟಳು. ಒಳಗಿನ ಒಂದೇ ದೀಪ, ದಿನಕ್ಕೆ ಎರಡು ತಾಸು. ತಿಂಗಳಿಗೆ ಹತ್ತಾಣೆ ಬಂತು!

"ನೋಡ್ರಿ, ನೀವು ತಂದ ಹುಕುಂ ಚೊಲೋನ ಇತ್ತು" ಎಂದಳು. "ಕೆಲಸಾ ಮುಗದಮ್ಯಾಲ ದೀಪಾ ಆರಸಬೇಕು ಅನ್ನೂದೊಂದ ನಾವು ಮರತಿದ್ವಿ."

ಆದರೆ ಆರಿಸುವವರು ಯಾರು? ಅವ್ವ ಮೂರು ದಿನ ಯೋಚಿಸಿ ತನ್ನ ಹುಕುಂ ಕೊಟ್ಟಳು.

"ಸೊಸಿ ಮುಟ್ಟಬಾರದು, ಆಕಿ ಮನಿ ಬೆಳಗಾಕಿ. ನಾ ಅಂತೂ ಮುಟ್ಟಾಕಿ ಅಲ್ಲ. ಪಾಪ ಹತ್ತೂದಿದ್ರ ನಿನಗ ಹತ್ತಲಿ. ನೀನ ಆರಸು."

ಅಂದಿನಿಂದ ಅದು ನನ್ನ ಕೆಲಸವಾಯಿತು.

ಮುಂದಿನ ವರ್ಷ ಎಣ್ಣೆ ಮತ್ತೆ ತುಟ್ಟಿಯಾಯಿತು. ಯುನಿಟ್ಟಿಗೆ ಆರಾಣೆ ಬೇಕೆಂದು ಸಾವ್ಕಾರರು ಕೇಳಿದರು. ಆದರೆ ಹುಕುಮಿನ ಪ್ರಕಾರ ಸಾಹೇಬರ ಎದುರು ಹೋಗದೆ ಏರಿಸುವಂತಿಲ್ಲ. ಓಣಿಯವರು ಈ ಸಲವೂ ನಮ್ಮ ಮನೆಗೇ ಬಂದರು. ನಾನು ಗಂಟಲು ಸರಿಮಾಡಿಕೊಂಡು ಲೇಖನಿ ಹುಡುಕುವಷ್ಟರಲ್ಲಿ ಅವರು ನನ್ನನ್ನು ದಾಟಿ ಒಳಗೆ ಹೋಗಿ ಅಕ್ಕೋರ ಎದುರು ಕುಳಿತಿದ್ದರು. ಅವಳು ಮೂರು ಸಾಲು ಬರೆದಳು. ಕಚೇರಿಗೆ ಒಯ್ದು ಕೊಡುವ ಕೆಲಸ ನನಗೆ ಸಿಕ್ಕಿತು.

ಸಾಹೇಬರು ಮೂರೂ ಸಾಲು ಗಟ್ಟಿಯಾಗಿ ಓದಿದರು. 'ಗಿರಣಿಯ ಎಂಜಿನ್ನು ಹಗಲೆಲ್ಲ ಅಕ್ಕಿಗಾಗಿ ಓಡುತ್ತದೆ, ದೀಪಕ್ಕೆ ಓಡುವುದು ನಾಲ್ಕು ತಾಸು ಮಾತ್ರ. ಆದ್ದರಿಂದ ಎಣ್ಣೆ ಏರಿದ್ದನ್ನೆಲ್ಲ ದೀಪದವರ ಮೇಲೆ ಹೊರಿಸುವುದು ನ್ಯಾಯವಲ್ಲ. ಅಕ್ಕಿಯ ಪಾಲು ತೆಗೆದು ಉಳಿದಷ್ಟೇ ಏರಿಸಬೇಕು.'

ಸಾವ್ಕಾರರು ನಕ್ಕುಬಿಟ್ಟರು. "ನನ್ನ ದೀಪದ ಕೆಳಗ ಕುಂತು ಇದನ್ನೂ ನೋಡ್ಯಾರಲ್ರಿ ಅಕ್ಕೋರು!"

ಏರಿದ್ದು ಅರ್ಧಾಣೆ. ಓಣಿಯವರಿಗೂ ಒಪ್ಪಿಗೆ, ಸಾವ್ಕಾರರಿಗೂ ಒಪ್ಪಿಗೆ. ಎಲ್ಲರೂ ಹೊರಟಾಗ ಸಾಹೇಬರು ನನ್ನನ್ನು ಕರೆದರು.

"ಶಿವಲಿಂಗಪ್ಪ, ಭಾಳ ಸುಧಾರಿಸೀರಿ. ಹೋದ ವರ್ಷದ ಹನ್ನೊಂದು ಪುಟದಾಗ ನಾ ಓದಿದ್ದು ಏಳನೇದು ಮತ್ತ ಕಡೀದು, ಎರಡ. ಇದು ನೋಡ್ರಿ, ಅರ್ಜಿ ಅಂದ್ರ."

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಗಿಲಲ್ಲಿ ಹುಸೇನಸಾಬ ನಿಂತು ಕೇಳುತ್ತಿದ್ದ.

"ಅದು ನಮ್ಮ ಮನಿಯಾಕಿ ಬರದದ್ರಿ" ಎಂದೆ.

"ಹೌದೇನು? ಹಂಗಾರ ಈಗ ನೀವೇನು ಮಾಡ್ತೀರಿ?"

"ನಾ ದೀಪಾ ಆರಸ್ತೇನ್ರಿ, ಸಾಹೇಬ್ರ."